ಹೆಸರು ಕರೆಯುತ್ತಿದ್ದ ಮಾಸ್ತರರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಸ್ಮರಣ ಸಂಚಿಕೆ ಮಾಡುವ ಹುಡುಗರು ಹೋದ ತಿಂಗಳು ನನ್ನ ಕೋಣೆಗೆ ಬಂದು ಹಾಗೆ ಹೇಳಿ ಹೋದರು. ಹುಡುಗರೆಂದರೆ ಹುಡುಗರೇನಲ್ಲ, ಒಬ್ಬಿಬ್ಬರ ತಲೆ ನೆರೆಯತೊಡಗಿದೆ. ನಾನು ಕಲಿಸಿದವರಾದ್ದರಿಂದ ನನಗೆ ಇನ್ನೂ ಹುಡುಗರು.

“ಬಾಯಾರ, ಅವರನ್ನ ನಿಮಗಿಂತ ಚೊಲೊ ಬಲ್ಲವರು ಯಾರದಾರ್ರಿ? ನಾಕು ಪುಟ ಬರದು ಕೊಡ್ರಿ. ಒಳ್ಳೇದು ಬರೀರಿ ಮತ್ತ,” ಎಂದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಬಾಯಾರು ಎನ್ನುತ್ತಾರೆ.

ಖರೆ. ನನಗಿಂತ ಚೆನ್ನಾಗಿ ಅವರನ್ನು ಬಲ್ಲವರು ಈ ಊರಿನಲ್ಲಿ ಯಾರೂ ಇಲ್ಲ. ಮೂವತ್ತೈದು ವರ್ಷ ಒಬ್ಬ ಮನುಷ್ಯನ ಮೇಲೆ ಹಲ್ಲು ಕಡಿದವಳಿಗೆ ಆತನ ಅಂಗಿಯ ಒಂದೊಂದು ಗುಂಡಿಯೂ ಗೊತ್ತಿರುತ್ತದೆ. ಒಳ್ಳೆಯದನ್ನೂ ಬರೆಯುತ್ತೇನೆ, ಇತ್ತು. ಆದರೆ ಸಂಚಿಕೆಯ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಕತ್ತರಿ ಹಾಕುವುದಾದರೆ ಇಡೀ ಬರಹವನ್ನೇ ವಾಪಸು ಕೊಡಿ.

ಅವರು ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು. ನಮ್ಮ ಶಾಲೆ ಬಾದಾಮಿಯಿಂದ ಕೆರೂರಿಗೆ ಹೋಗುವ ಕಡೆ ಇದೆ. ಊರ ಹೆಸರು ಬೇಡ, ಬಸ್ಸಿನ ಕಿಟಕಿಯಿಂದ ಕೆಂಪು ಕಲ್ಲಿನ ಕಮಾನು ನೋಡಿದವರಿಗೆ ಗೊತ್ತಾಗುತ್ತದೆ. ಆ ಕಮಾನು ಸರಕಾರ ಕಟ್ಟಿದ್ದಲ್ಲ, ಮಾಸ್ತರರು ಕಟ್ಟಿಸಿದ್ದು. ಕೆಲಸಕ್ಕೆ ಸೇರಿದ ವರ್ಷವೇ ಊರೆಲ್ಲ ಅಡ್ಡಾಡಿ ಮನೆಗೊಂದು ಕಲ್ಲು ಬೇಡಿದರಂತೆ. ಕಲ್ಲೇ ಬೇಕು, ಬೇರೇನೂ ಬೇಡ ಎಂದರಂತೆ. ಗಾಣಿಗರ ಮನೆಯದು, ನೇಕಾರರ ಮನೆಯದು, ಮಸೂತಿಯ ಹಿಂದಿನ ಓಣಿಯದು, ಎಲ್ಲ ಕಲ್ಲೂ ಅದರಲ್ಲಿವೆ. ಕಮಾನಿನ ನಡುವೆ ರೈಲು ಹಳಿಯ ತುಂಡೊಂದು ತೂಗುತ್ತದೆ, ಅದೇ ನಮ್ಮ ಗಂಟೆ. ವೆಲ್ಡಿಂಗ್ ಅಂಗಡಿಯ ಮೌಲಾಸಾಬರು ಮೀಸೆ ಚಿಗುರುವ ವಯಸ್ಸಿನಲ್ಲಿ ಅದಕ್ಕೆ ಕೊಂಡಿ ಕೂಡಿಸಿಕೊಟ್ಟವರು. ಈಗ ಮುದುಕರಾಗಿದ್ದಾರೆ, ಕೊಂಡಿ ಮಾತ್ರ ಸಡಿಲಾಗಿಲ್ಲ.

ಮಾಸ್ತರರು ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ತರಗತಿಗಳಲ್ಲಿ ಬಿದ್ದ ಸುಣ್ಣದ ಕಡ್ಡಿಯ ಚೂರುಗಳನ್ನು ಆರಿಸಿ, ನೀರಲ್ಲಿ ಅರೆದು, ಬೂಟಿಗೆ ಬಳಿಯುತ್ತಿದ್ದರು. ನಡೆದಲ್ಲೆಲ್ಲ ಬಿಳಿ ಪುಡಿ ಉದುರುತ್ತಿತ್ತು, ಅವರು ಯಾವ ಕಡೆ ಹೋಗಿದ್ದಾರೆಂದು ನೆಲ ನೋಡಿಯೇ ಹೇಳಬಹುದಿತ್ತು. ಕೊರಳಲ್ಲಿ ಕೆಂಪು ದಾರದ ಸೀಟಿ ತಾಳಿಯ ಹಾಗೆ ಸದಾ ಇರುತ್ತಿತ್ತು. ಅದನ್ನು ಊದಿದ್ದನ್ನು ಯಾರೂ ಕೇಳಿಲ್ಲ. ಊದುವ ಅಗತ್ಯವೇ ಬೀಳಲಿಲ್ಲ. ಮೈದಾನದಲ್ಲಿ ನಿಂತು “ಸಾವಧಾನ್!” ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಡುತ್ತಿದ್ದರು.

ಕಮಾನಿಗೆ ಒಂದು ನಿಯಮವಿತ್ತು. ಅದರ ಕೆಳಗೆ ಬರುವವರು ಕೊರಳ ಗುಂಡಿ ಹಾಕಿಕೊಳ್ಳಬೇಕು. ಹುಡುಗಿಯರು ಜಡೆಯನ್ನು ಮುಂದಿನಿಂದ ಹಿಂದಕ್ಕೆ ಹಾಕಿಕೊಳ್ಳಬೇಕು. ಯಾಕೆ ಎಂದು ಕೇಳಿದರೆ, “ಇದರ ಕೆಳಗ ಬಂದ್ಯಂದ್ರ ನೀ ಬರೇ ನಿಮ್ಮಪ್ಪನ ಮಗಾ ಅಲ್ಲ, ಈ ಊರಾಂವ,” ಎನ್ನುತ್ತಿದ್ದರು. ನಗಬೇಡಿ. ನಮ್ಮ ಶಾಲೆಯಲ್ಲಿ ಕಲಿತ ಒಬ್ಬ ಕಂಡಕ್ಟರ್ ಇದ್ದಾನೆ. ಹುಬ್ಬಳ್ಳಿಯ ತನಕ ಅಂಗಿ ಬಿಚ್ಚಿಕೊಂಡೇ ಟಿಕೆಟ್ ಹರಿಯುವ ಆಸಾಮಿ. ಬಸ್ಸು ನಮ್ಮ ಕಮಾನಿನ ಮುಂದೆ ಹಾಯುವಾಗ ಮಾತ್ರ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ನಾನೇ ಎಷ್ಟೋ ಸಲ ನೋಡಿದ್ದೇನೆ.

ಇನ್ನು ಗಂಟೆ ದಿನ. ಹತ್ತನೆಯ ಇಯತ್ತೆಯವರು ಪರೀಕ್ಷೆಗೆ ಹೋಗುವ ಮುಂಚೆ ಕಮಾನಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ಮಾಸ್ತರರು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಮೊದಲು ಊರು, ಆಮೇಲೆ ತಂದೆಯ ಹೆಸರು, ತಂದೆ ಇಲ್ಲದವರಿಗೆ ತಾಯಿಯದು, ಕೊನೆಗೆ ಮಗುವಿನದು. ಕೈಯಲ್ಲಿ ಚೀಟಿ ಇಲ್ಲ. ನೂರು ಮಕ್ಕಳಿರಲಿ, ನೂರೈವತ್ತಿರಲಿ, ಎಲ್ಲ ಬಾಯಿಪಾಠ. ಕರೆದ ಕೂಡಲೇ ಆ ಮಗು ಮುಂದೆ ಬಂದು ಸುತ್ತಿಗೆ ಎತ್ತಿ ಹಳಿಗೆ ಒಂದೇ ಒಂದು ಪೆಟ್ಟು ಹಾಕಬೇಕು. ಕರೆಯದೆ ಯಾರೂ ಹೊಡೆಯುವಂತಿಲ್ಲ, ತನ್ನ ಹೆಸರನ್ನು ತಾನೇ ಕರೆದುಕೊಳ್ಳುವಂತಿಲ್ಲ. ನಿಯಮ ಅಷ್ಟೇ.

ಕೇಳಲು ಊರೇ ಬರುತ್ತಿತ್ತು. ಹಳ್ಳಿಗಳಿಂದ ತಂದೆ ತಾಯಂದಿರು ಮೊದಲ ಬಸ್ಸಿಗೇ ಬಂದು ರಸ್ತೆಯ ಬದಿ ನಿಲ್ಲುತ್ತಿದ್ದರು. ಯಾವ ಕಚೇರಿಗೆ ಹೋದರೂ “ಏ ಮುದುಕಾ, ಹಿಂದ ಸರಿ” ಎನ್ನಿಸಿಕೊಂಡವರು ಅವರು. ಅಂಥವರ ಹೆಸರನ್ನು ಅಷ್ಟು ಜನರ ನಡುವೆ, ಅಷ್ಟು ದೊಡ್ಡ ದನಿಯಲ್ಲಿ, ಊರಿನ ಹೆಸರು ಸೇರಿಸಿ ಕರೆಯುವುದೆಂದರೆ ಸಣ್ಣ ಮಾತೇ? ತಮ್ಮ ಹೆಸರು ಕೇಳಿ ಗಂಡಸರು ರುಮಾಲು ಸರಿ ಮಾಡಿಕೊಳ್ಳುತ್ತಿದ್ದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಈ ಪದ್ಧತಿ ಹುಟ್ಟಿಸಿದವರು ಅವರೇ. ಒಳ್ಳೆಯದನ್ನು ಬರೆಯುತ್ತೇನೆ ಎಂದೆನಲ್ಲ, ಬರೆದಾಯಿತು.

ಈಗ ನನ್ನದು.

ನಾನು ಐಹೊಳೆಯವಳು. ಐಹೊಳೆ ಎಂದರೆ ನಿಮಗೆ ಗುಡಿಗಳು ನೆನಪಾಗುತ್ತವೆ, ನನಗೆ ಗುಡಿಗಳ ಹಿಂದಿನ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪ. ನಾವು ಬೀರಪ್ಪ ದೇವರ ಒಕ್ಕಲು. ಅಪ್ಪನ ಹೆಸರೂ ಬೀರಪ್ಪ. ನಾನು ಹಾಸ್ಟೆಲಿನಲ್ಲಿದ್ದು ಈ ಶಾಲೆಯಲ್ಲಿ ಓದಿದೆ. ಗಂಟೆ ದಿನದ ಬಗ್ಗೆ ಎಂಟನೆಯ ಇಯತ್ತೆಯಲ್ಲಿರುವಾಗಲೇ ಅಪ್ಪನಿಗೆ ಹೇಳಿದ್ದೆ. ಅಪ್ಪ ಅದನ್ನು ಇಡೀ ಹಟ್ಟಿಗೆ ಹೇಳಿದ್ದ. “ಇನ್ನ ಎರಡ ವರ್ಷಕ್ಕ ನನ್ನ ಹೆಸರ ಕರೀತಾರ. ಊರ ಹೆಸರ ಹಿಡದ ಕರೀತಾರ,” ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡಿದ್ದ.

ಹತ್ತನೆಯದರಲ್ಲಿ ಸಂಕ್ರಾಂತಿಗೆ ಮನೆಗೆ ಹೋದಾಗ ಅಪ್ಪ ಕಾಗದದಲ್ಲಿ ಒಂದು ಚಿಟಿಕೆ ಭಂಡಾರ ಕಟ್ಟಿಕೊಟ್ಟ. ಭಂಡಾರವೆಂದರೆ ಬೀರಪ್ಪನ ಅರಿಶಿನ. ನಮ್ಮಲ್ಲಿ ವರ್ಷದ ಮೊದಲ ಉಣ್ಣೆ ಕತ್ತರಿಸುವ ಮುಂಚೆ ಕತ್ತರಿಗೆ ಭಂಡಾರ ಹಚ್ಚುತ್ತೇವೆ. ಕೆಲಸಕ್ಕೆ ಹೊರಟ ಕಬ್ಬಿಣಕ್ಕೆ ಹಚ್ಚದೆ ಕೈ ಹಾಕುವುದಿಲ್ಲ. “ಮದಲ ಆ ಗಂಟಿಗೆ ಹಚ್ಚು, ಆಮ್ಯಾಲೆ ನಿನ್ನ ಹಣಿಗೆ ಹಚ್ಕೊ. ಪರೀಕ್ಷಾ ಹಗೂರ ಆಕ್ಕಾವ,” ಎಂದ ಅಪ್ಪ. ನಾನು ಹಾಗೆಯೇ ಮಾಡಿದೆ. ಒಂದು ಸಂಜೆ ಆಟ ಮುಗಿದ ಮೇಲೆ ಕಟ್ಟೆ ಹತ್ತಿ, ಹಳಿಗೆ ಭಂಡಾರ ಬಳಿದು, ಕೈ ಮುಗಿದು ಬಂದೆ. ತಪ್ಪೆಂದು ತಲೆಗೇ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಮಾಸ್ತರರೇ ಅದಕ್ಕೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದದ್ದನ್ನು ಕಣ್ಣಾರೆ ಕಂಡಿದ್ದೆ.

ಮರುದಿನ ಜಿಲ್ಲೆಯಿಂದ ದೊಡ್ಡ ಸಾಹೇಬರೊಬ್ಬರು ಶಾಲೆ ನೋಡಲು ಬರುವವರಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ನಿಂತಿದ್ದೇವೆ, ಹಳಿ ಹಳದಿಯಾಗಿದೆ. ಮಾಸ್ತರರ ಮುಖ ಕಪ್ಪಿಟ್ಟಿತು.

“ಯಾರ ಮಾಡಿದ್ದು ಇದನ್ನ?”

“ನಾನರಿ ಸರ್.”

ಹುಣಸೆಹಣ್ಣು, ಬೂದಿ ತರಿಸಿದರು. ಇಡೀ ಶಾಲೆಯ ಎದುರು ನನ್ನಿಂದ ಹಳಿ ತಿಕ್ಕಿಸಿದರು. ತಿಕ್ಕುತ್ತಿರುವಾಗ ಅದೇ ಬಸ್‌ಸ್ಟ್ಯಾಂಡ್ ಮುಟ್ಟುವ ದನಿಯಲ್ಲಿ ಹೇಳಿದರು: “ಸಾಲಿಗಿ ಬಂದು ಹತ್ತು ವರ್ಷಾತು, ಇನ್ನೂ ಕುರಿ ಹಟ್ಟಿ ಬಿಟ್ಟು ಬಂದಿಲ್ಲ ಇದು.” ಮಕ್ಕಳು ಹೋ ಎಂದು ನಕ್ಕರು. ‘ಇವಳು’ ಅಲ್ಲ, ‘ಇದು’. ಅದು ಇವತ್ತಿಗೂ ಕಿವಿಯಲ್ಲಿದೆ.

ಬಾಯಿ ಮುಚ್ಚಿಕೊಂಡು ತಿಕ್ಕಿ ಬಂದಿದ್ದರೆ ಮುಗಿಯುತ್ತಿತ್ತೇನೋ. ನನ್ನದು ಅಪ್ಪನ ಬಾಯಿ. ಕೈಯಲ್ಲಿ ಹುಣಸೆಹಣ್ಣು ಹಿಡಿದುಕೊಂಡೇ ತಿರುಗಿ ಕೇಳಿದೆ: “ದಸರಾಕ ನೀವು ಕುಂಕುಮ ಹಚ್ಚಿದ್ದು ನಡೀತೈತ್ರಿ ಸರ್, ನಮ್ಮ ಭಂಡಾರ ಯಾಕ ನಡಿಯೂದಿಲ್ಲ?”

ನಗು ನಿಂತಿತು. ಮಾಸ್ತರರು ಕೊರಳಿನ ಸೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ತಿರುಗಿಸಿದರು, ಅಷ್ಟೇ. ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದರೆಂದು ಆಗ ನನಗೆ ತಿಳಿದಿರಲಿಲ್ಲ.

ಗಂಟೆ ದಿನ ಬಂತು. ಅಪ್ಪ ಕುರಿಗಳನ್ನು ಸೋದರಮಾವನ ಕೈಗೆ ಒಪ್ಪಿಸಿ, ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಗಡ್ಡ ಹೆರೆಸಿಕೊಂಡಿದ್ದ. ಹೊಸ ರುಮಾಲು, ಹೆಗಲಿಗೆ ಒಗೆದ ಕಂಬಳಿ. ಮುಂದೆ ಬಾ ಎಂದರೆ ಬರಲಿಲ್ಲ. “ಇಲ್ಲೇ ಬೇಷೈತಿ,” ಎಂದು ಗೇಟಿನ ಹೊರಗೆ, ರಸ್ತೆಯ ಅಂಚಿಗೆ, ಕೋಲೂರಿ ನಿಂತ.

ಮಾಸ್ತರರು ಕರೆಯತೊಡಗಿದರು. ಊರು, ತಂದೆ, ಮಗು, ಪೆಟ್ಟು. ಊರು, ತಂದೆ, ಮಗು, ಪೆಟ್ಟು. ಸಾಲು ಸರಿಯುತ್ತ ಬಂತು. ನನ್ನ ಮುಂದಿನವಳು ಹೋಗಿ ಹೊಡೆದು ಬಂದಳು. ನಾನು ಒಂದು ಕಾಲು ಮುಂದಿಟ್ಟೆ. ಅವರು ನನ್ನನ್ನು ನೋಡಿದರು. ಸೀಟಿಯನ್ನು ಎರಡು ಬೆರಳಲ್ಲಿ ತಿರುಗಿಸಿದರು. ಆಮೇಲೆ ನನ್ನ ಹಿಂದಿನವಳ ಊರು ಕರೆದರು.

ಮರೆತಿರಬೇಕು, ಕೊನೆಗೆ ಕರೆಯುತ್ತಾರೆ ಎಂದುಕೊಂಡೆ. ಹದಿನಾರು ವರ್ಷದ ಹುಡುಗಿ, ಇನ್ನೇನು ಅಂದುಕೊಂಡೇನು? ಸಾಲೆಲ್ಲ ಖಾಲಿಯಾಗಿ ನಾನೊಬ್ಬಳೇ ನಿಂತೆ. “ಇಲ್ಲಿಗಿ ಮುಗೀತು,” ಎಂದರು ಮಾಸ್ತರರು. ಸುತ್ತಿಗೆಯನ್ನು ಗೂಟಕ್ಕೆ ಸಿಕ್ಕಿಸಿ, ಬೂಟಿನ ಪುಡಿ ಉದುರಿಸುತ್ತ ಒಳಗೆ ಹೋದರು.

ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಹೊಸ ರುಮಾಲು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

“ಯವ್ವಾ, ನಡುವ ಒಂದ ಲಾರಿ ಬಂತ ನೋಡು, ಹಾರ್ನ್ ಬಾರಿಸ್ಕೋತ. ಆವಾಗ ಕರದಾರ ಕಾಣತೈತಿ, ನನಗ ಕೇಳಲಿಲ್ಲ. ಕರದರಲ್ಲಾ?”

“ಇಲ್ಲಪ್ಪಾ. ಎಲ್ಲಾರದೂ ಕರದರು, ನಮ್ಮದೊಂದ ಬಿಟ್ಟರು. ಬೇಕಂತನ ಬಿಟ್ಟರು.”

ಅಪ್ಪ ತಲೆಯಾಡಿಸಿದ. ಕಿಟಕಿಯ ಕಡೆ ತಿರುಗಿ, “ಇರಲಿ ಬಿಡವ್ವಾ,” ಎಂದ. ಹಟ್ಟಿಯಲ್ಲಿ ಜನ ಕೇಳಿದಾಗ ಏನು ಹೇಳಿದನೋ ನನಗೆ ಗೊತ್ತಿಲ್ಲ. ಅದಾದ ಮೇಲೆ ಆತ ಈ ಕಡೆಯ ಬಸ್ಸು ಹತ್ತಲಿಲ್ಲ. ನಾನು ಹುನಗುಂದದಲ್ಲಿ ಕಾಲೇಜು ಓದುತ್ತಿರುವಾಗ ತೀರಿಕೊಂಡ.

ಅಪ್ಪನ ಮಣ್ಣು ಮುಗಿಸಿ ಬಂದ ದಿನ ನಾನು ಒಂದು ಮಾತು ಮನಸ್ಸಿನಲ್ಲೇ ಆಡಿಕೊಂಡೆ. ಆ ಮನುಷ್ಯನಿಗೆ ಇದನ್ನು ಉಣ್ಣಿಸದೆ ಬಿಡುವುದಿಲ್ಲ. ಬಾಗಲಕೋಟೆಯಲ್ಲಿ ಬಿ.ಎಡ್. ಮಾಡಿದೆ. ಇಳಕಲ್ಲಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಅಲ್ಲಿ ಕೈತುಂಬ ಮರ್ಯಾದೆ ಇತ್ತು, ಮನೆ ಇತ್ತು. ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುವವರ ಜಾಗ ಖಾಲಿಯಿದೆ ಎಂದು ಕೇಳಿದ ದಿನವೇ ಅರ್ಜಿ ಹಾಕಿದೆ. ಗೆಳತಿಯರು “ಸಾಲಿ ಮ್ಯಾಲಿನ ಪ್ರೀತಿ ನೋಡು” ಎಂದರು. ಪ್ರೀತಿಯಂತೆ, ಪ್ರೀತಿ!

ಸೇರಿದ ದಿನ ಮಾಸ್ತರರು ಸ್ಟಾಫ್ ರೂಮಿನ ಬಾಗಿಲಲ್ಲೇ ಸಿಕ್ಕರು. ಕೂದಲು ಉದುರಿತ್ತು, ಬೂಟು ಬಿಳಿಯಾಗಿಯೇ ಇತ್ತು. “ಬರ್ರಿ ಬಾಯಾರ,” ಎಂದರು. ಅಷ್ಟೇ. ಸಾವಿರಾರು ಮಕ್ಕಳ ಊರು, ತಂದೆ, ಹೆಸರು ಬಾಯಿಪಾಠವಿದ್ದ ಮನುಷ್ಯ ನನ್ನ ಗುರುತು ಹಿಡಿಯಲಿಲ್ಲ! ಅಂದು ಬಂದ ಸಿಟ್ಟಿನ ಮುಂದೆ ಹಳೆಯ ಸಿಟ್ಟು ಏನೂ ಅಲ್ಲ. ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಕುಳಿತೆವು. ಉಳಿದ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು. ನಾನು ಮಾತ್ರ ಬರೀ ‘ಬಾಯಾರ’.

ನಾನೂ ಸುಮ್ಮನಿರಲಿಲ್ಲ. ಅವರು ಹಾಕಿದ ಪ್ರತಿ ವೇಳಾಪಟ್ಟಿಯಲ್ಲೂ ತಪ್ಪು ಹುಡುಕಿದೆ. ಅವರ ಡ್ರಿಲ್ ಪಿರಿಯಡ್ಡಿನಲ್ಲಿ ವ್ಯಾಕರಣ ಕಲಿಸಿದೆ. ಅವರು ಚಹಾ ತರಿಸಿದರೆ ನನಗೆ ಬೇಡವೆಂದೆ, ಹದಿನೈದು ವರ್ಷವೂ ಬೇಡವೆಂದೆ. ಸಣ್ಣತನ ಅನ್ನುತ್ತೀರಿ, ಅನ್ನಿ. ದೊಡ್ಡ ಅವಕಾಶ ಬರುವ ತನಕ ಸಣ್ಣದರಲ್ಲೇ ಹೊಟ್ಟೆ ತುಂಬಿಸಿಕೊಂಡೆ.

ನಡುವೆ ಒಂದು ದಿನ ಮಾತ್ರ ನನ್ನ ಸಿಟ್ಟು ದಾರಿ ತಪ್ಪಿತು. ರಸ್ತೆ ಅಗಲ ಮಾಡುವವರು ಬಂದು ಕಮಾನಿನ ಕಲ್ಲಿಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದರು. ಗೆರೆಯ ಆಚೆಯದೆಲ್ಲ ಬೀಳಬೇಕಂತೆ. ಮಾಸ್ತರರು ನಡು ಮಧ್ಯಾಹ್ನ ಸುತ್ತಿಗೆ ಎತ್ತಿಕೊಂಡು ಹಳಿಗೆ ಹೊಡೆಯತೊಡಗಿದರು. ಹೊತ್ತಲ್ಲದ ಹೊತ್ತಿನಲ್ಲಿ, ಯಾರೂ ಕರೆಯದೆ, ತಮ್ಮ ನಿಯಮವನ್ನು ತಾವೇ ಮುರಿದು ಹೊಡೆದರು. ಹತ್ತು ನಿಮಿಷದಲ್ಲಿ ಊರು ಬಂತು. ನೇಕಾರರು ಮಗ್ಗದಿಂದ ಎದ್ದು ಬಂದರು. ಮೌಲಾಸಾಬರು ವೆಲ್ಡಿಂಗಿನ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಿ ಬಂದು, ಒಂದು ಕಲ್ಲಿನ ಮೇಲೆ ಕೈಯಿಟ್ಟು, “ಈ ಕಲ್ಲ ನಮ್ಮ ಅಬ್ಬಾ ತಂದಿದ್ದರಿ ಸಾಹೇಬರ. ಮದಲ ಇದನ್ನ ಹ್ಯಾಂಗ ತಗೀತೀರಿ ತಗೀರಿ ನೋಡೂಣು,” ಎಂದರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕಲ್ಲು ಹುಡುಕಿ ಅದರ ಮುಂದೆ ನಿಂತರು. ಎಲ್ಲರೂ ಕೊರಳ ಗುಂಡಿ ಹಾಕಿಕೊಂಡಿದ್ದರು.

ನನ್ನ ಮನೆಯ ಕಲ್ಲು ಅದರಲ್ಲಿ ಇರಲಿಲ್ಲ. ಆದರೂ ಹೋಗಿ ಕೈಗೆ ಕೈ ಹಿಡಿದು ನಿಂತೆ, ಎಡಗಡೆ ಮಾಸ್ತರರೇ ಇದ್ದರು. ರಸ್ತೆಯವರು ಸೋತು ಹೋದರು. ಇವತ್ತಿಗೂ ಆ ರಸ್ತೆ ಕಮಾನಿನ ಹತ್ತಿರ ಬಂದು ಸೊಟ್ಟಗೆ ತಿರುಗುತ್ತದೆ. ಅಂದು ನನಗೆ ಅವರ ಕೈ ಬಿಡಬೇಕೆನ್ನಿಸಲಿಲ್ಲ. ಮನೆಗೆ ಬಂದು ಸಾಬೂನು ಹಚ್ಚಿ ಕೈ ತೊಳೆದುಕೊಂಡೆ.

ಅವರು ನಿವೃತ್ತರಾಗುವ ವರ್ಷ ಬಂತು. ನಿವೃತ್ತರಾಗುವವರೂ ಗಂಟೆ ದಿನ ಮಕ್ಕಳ ಹಿಂದೆ ನಿಂತು, ಕರೆಸಿಕೊಂಡು, ಒಂದು ಪೆಟ್ಟು ಹಾಕಿ ಹೋಗುವುದು ರೂಢಿ. ತನ್ನ ಹೆಸರನ್ನು ತಾನು ಕರೆದುಕೊಳ್ಳುವಂತಿಲ್ಲ, ಹಾಗಾಗಿ ಅವರನ್ನು ಬೇರೆಯವರು ಕರೆಯಬೇಕಿತ್ತು. ಮೀಟಿಂಗಿನಲ್ಲಿ ಹೆಡ್ ಮಾಸ್ತರರು ಯಾರು ಕರೆಯುತ್ತೀರಿ ಎಂದು ಕೇಳಿದರು. ಮಾಸ್ತರರೇ ಹೇಳಿದರು: “ಈ ಸಲ ಎಲ್ಲಾ ಹೆಸರೂ ಬಾಯಾರು ಕರೀಲಿ. ಅವರ ದನಿ ಬಸ್‌ಸ್ಟ್ಯಾಂಡ್ ಮುಟ್ಟತೈತಿ.”

ಮುಟ್ಟುತ್ತದೆ, ಯಾಕೆ ಮುಟ್ಟುವುದಿಲ್ಲ? ಬಯಲಲ್ಲಿ ಕುರಿ ಕರೆದ ದನಿ ಅದು, ಕುರಿ ಹಟ್ಟಿಯದು. ಅವರು ನನ್ನನ್ನೇ ಯಾಕೆ ಆರಿಸಿದರೋ, ಪ್ರಾಯಶ್ಚಿತ್ತವೋ ಜಂಬವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಗ ಅದೆಲ್ಲ ಯೋಚಿಸಲಿಲ್ಲ. ಮೂರು ವಾರ ಕುಳಿತು ನೂರಿಪ್ಪತ್ತು ಮಕ್ಕಳ ಊರು, ತಂದೆ, ಹೆಸರು ಉರು ಹಾಕಿದೆ. ಒಂದೂ ತಪ್ಪಬಾರದು. ಬಿಡುವುದು ಒಂದೇ ಹೆಸರಾಗಬೇಕು.

ಆ ದಿನ ಮಾಸ್ತರರು ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ಬೂಟು ಹೊಳೆಯುತ್ತಿತ್ತು. ನಾನು ಕರೆಯುತ್ತ ಹೋದೆ. ಊರು, ತಂದೆ, ಮಗು, ಪೆಟ್ಟು. ನೂರಿಪ್ಪತ್ತೂ ಮುಗಿದವು. ಸಾಲಿನ ಕೊನೆಯಲ್ಲಿ ಅವರೊಬ್ಬರೇ ನಿಂತಿದ್ದರು. ಕರೆಯುವ ಮುಂಚೆಯೇ ಒಂದು ಹೆಜ್ಜೆ ಮುಂದಿಟ್ಟು ಸುತ್ತಿಗೆ ಕೈಗೆ ತೆಗೆದುಕೊಂಡರು. ನಾನು ಅವರ ಮುಖವನ್ನೇ ನೋಡಿದೆ. ಚೆನ್ನಾಗಿ, ಸಾವಕಾಶವಾಗಿ ನೋಡಿದೆ.

“ಇಲ್ಲಿಗಿ ಮುಗೀತು,” ಎಂದೆ.

ಜನ ಗೊಳ್ಳೆಂದು ನಗಲು ಬಾಯಿ ತೆರೆದರು, ತಮಾಷೆ ಎಂದುಕೊಂಡಿರಬೇಕು. ನಾನು ನಗಲಿಲ್ಲ. ಮಾಸ್ತರರ ಕೈಯಲ್ಲಿ ಸುತ್ತಿಗೆ, ಮೊಳ ದೂರದಲ್ಲಿ ಹಳಿ. ಹೊಡೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಊರೇ ಚಪ್ಪಾಳೆ ತಟ್ಟುತ್ತಿತ್ತು. ಹೊಡೆಯಲಿಲ್ಲ. ಕರೆಯದೆ ಹೊಡೆಯುವಂತಿಲ್ಲ, ಅವರದೇ ನಿಯಮ. ಸುತ್ತಿಗೆಯನ್ನು ಗೂಟಕ್ಕೆ ಸಿಕ್ಕಿಸಿ ನನ್ನ ಹತ್ತಿರ ಬಂದರು. ನನ್ನೊಬ್ಬಳಿಗೇ ಕೇಳುವಂತೆ ಪಿಸುಗುಟ್ಟಿದರು.

“ಐಹೊಳಿ ಬೀರಪ್ಪನ ಮಗಳು ಮಾಳವ್ವ.”

ಮರೆತಿರಲಿಲ್ಲ! ಒಂದು ದಿನವೂ ಮರೆತಿರಲಿಲ್ಲ. ಹದಿನೈದು ವರ್ಷದ ‘ಬಾಯಾರ’ ಯಾಕೆಂದು ಆಗ ತಿಳಿಯಿತು. ನನ್ನ ಹೆಸರು ಅವರ ಗಂಟಲಲ್ಲಿ ಮುಳ್ಳಾಗಿತ್ತು, ಕರೆಯಲು ಬಾಯಿ ಬಂದಿರಲಿಲ್ಲ. ಅದಕ್ಕೆ ಕರಗಬೇಕಿತ್ತು ನಾನು, ಅಲ್ಲವೇ? ನನಗೆ ಮೈ ಉರಿಯಿತು. ಬೈದದ್ದು ಬಸ್‌ಸ್ಟ್ಯಾಂಡ್ ಮುಟ್ಟುವ ದನಿಯಲ್ಲಿ, ಕರೆಯುವುದು ಪಿಸುಮಾತಿನಲ್ಲಿ!

“ಜೋರಾಗಿ ಕರೀರಿ ಸರ್,” ಎಂದೆ. “ನಮ್ಮಪ್ಪ ಭಾಳ ದೂರ ಅದಾನ.”

ಅವರು ಜನರ ಕಡೆ ತಿರುಗಿದರು. ಎದೆ ಉಬ್ಬಿಸಿ ಉಸಿರೆಳೆದುಕೊಂಡರು, ಆ ಕ್ಷಣ ಕರೆದೇ ಬಿಡುತ್ತಾರೆ ಎಂದುಕೊಂಡೆ. ಆಮೇಲೆ ಸೀಟಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ತಲೆ ತಗ್ಗಿಸಿ, ಗೇಟಿನ ಕಡೆ ನಡೆದುಬಿಟ್ಟರು. ಅವರನ್ನು ನಾನು ಕಂಡದ್ದು ಅದೇ ಕೊನೆ. ಆ ದಿನ ನಾನು ಇಬ್ಬರ ಪಾಲಿನ ಹೋಳಿಗೆ ತಿಂದೆ.

ಅದಾದ ಮೇಲೆ ನಾನೇ ಹೆಡ್ ಆದೆ. ಮೊದಲ ವರ್ಷವೇ ನಿಯಮ ಬದಲಿಸಿದೆ. ಈಗ ಮಕ್ಕಳು ತಮ್ಮ ಊರು, ತಮ್ಮ ತಂದೆ ತಾಯಿಯ ಹೆಸರು, ತಮ್ಮ ಹೆಸರು ತಾವೇ ಕೂಗಿ ಹೊಡೆಯುತ್ತಾರೆ. ಇನ್ನೊಬ್ಬರ ಬಾಯಿಯ ಹಂಗು ಬೇಡ. ಬೆಳಿಗ್ಗೆ ಹಳಿಗೆ ನಾನು ಭಂಡಾರ ಹಚ್ಚುತ್ತೇನೆ, ಕುಂಕುಮ ಹಚ್ಚುವವರು ಕುಂಕುಮ ಹಚ್ಚುತ್ತಾರೆ, ಮೌಲಾಸಾಬರು ಲೋಬಾನದ ಹೊಗೆ ಹಾಕುತ್ತಾರೆ. ಇದನ್ನೆಲ್ಲ ಮಾಡಿದ್ದು ನಾನು. ಈಗ ಸಂಚಿಕೆಯ ಹುಡುಗರು ಕಮಾನಿಗೆ ಮಾಸ್ತರರ ಹೆಸರು ಕೆತ್ತಿಸಿ, ‘ಈ ಪರಂಪರೆಯ ಪಿತಾಮಹರು’ ಎಂದು ಬರೆಸುವವರಿದ್ದಾರಂತೆ. ಮಾಡಿಕೊಳ್ಳಲಿ.

ಇಷ್ಟನ್ನೇ ಬರೆದು, ‘ಸೇಡು ತೀರಿತು’ ಎಂದು ಕೆಳಗೆ ಗೆರೆ ಎಳೆಯುವವಳಿದ್ದೆ. ಅಷ್ಟರಲ್ಲಿ ಮೊನ್ನೆ ಮಾಸ್ತರರ ಅಕ್ಕ ಶಾಲೆಗೆ ಬಂದರು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯ್ದು ತಮ್ಮನನ್ನು ಓದಿಸಿದವರು ಅವರೇ ಎಂದು ಕೇಳಿದ್ದೆ. ಎಂಬತ್ತು ದಾಟಿದ್ದಾರೆ, ಬೆನ್ನು ಬಾಗಿದೆ, ಕಿವಿ ಮಂದ. ಮಾಸಿದ ಇಳಕಲ್ ಸೀರೆಯ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದಿದ್ದರು. ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಕೆಂಪು ದಾರದ ಸೀಟಿ.

“ಇದು ಸಾಲ್ಯಾಗ ಇರಲಿ ಅಂತ ತಂದೇನ್ರಿ,” ಎಂದರು. ಎದ್ದು ಹೋಗಲಿಲ್ಲ. ಸೆರಗು ತಿರುವುತ್ತ ಬಾಯಿಬಿಟ್ಟರು.

“ಅವನ ಕಡೀ ಗಂಟಿ ದಿನ ನಾ ಬಂದಿದ್ದೆ ನೋಡ್ರಿ. ಗೇಟಿನ ಕಡೆ ಕುರ್ಚಿ ಹಾಕಿ ಕುಂಡ್ರಿಸಿದ್ದರು. ಮಕ್ಕಳ ಹೆಸರೆಲ್ಲಾ ಅಷ್ಟಿಷ್ಟು ಕೇಳಿದ್ವು. ನನ್ನ ತಮ್ಮಂದೊಂದ ಕೇಳಲಿಲ್ಲ. ಮನಿಗಿ ಹೋಗಿ ಕೇಳಿದೆ, ‘ಯಾಕೋ ತಮ್ಮಾ, ನಿನ್ನ ಕರೀಲಿಲ್ಲೇನು?’ ಅಂತ. ‘ಕರದರಕ್ಕಾ, ಭಾಳ ಚಂದ ಕರದರು, ಲಾರಿ ಹಾರ್ನಿನ್ಯಾಗ ನಿನಗ ಕೇಳಿಲ್ಲ’ ಅಂದ. ಅಂವ ನನ್ನ ಮುಂದ ಎಂದೂ ಸುಳ್ಳ ಹೇಳಿದಾಂವಲ್ಲ. ಆದರೂ ಎದ್ಯಾಗ ಒಂದ ಉಳದೈತ್ರಿ. ನೀವ ಕರದವರಂತ, ಖರೇನ ಕರದಿರೇನ್ರಿ ಬಾಯಾರ?”

ನೋಡಿ, ಎಂಥ ಅವಕಾಶ! ‘ಇಲ್ಲ’ ಎಂದರೆ ಮುಗಿಯಿತು. ಅಪ್ಪ ಉಂಡದ್ದನ್ನು ಅವರ ಮನೆಯವರೂ ಉಂಡಂತೆ ಆಗುತ್ತಿತ್ತು. ಬಾಯಿ ತೆರೆದೆ. ಆಕೆ ಕುರ್ಚಿಯ ಅಂಚಿಗೆ ಬಂದು, ಸರಿಯಾಗಿ ಕೇಳಬೇಕೆಂದು ಕಿವಿಯ ಹಿಂದೆ ಅಂಗೈ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಕರದೇನಿ ಅವ್ವಾ,” ಎಂದೆ.

“ಆಂ?”

ಕಿವಿ ಮಂದ ಎಂದೆನಲ್ಲ. ಜೋರಾಗಿ ಹೇಳಬೇಕಾಯಿತು. “ಕರದೇನಿ! ಹಿಂಗ ಕರದೇನಿ!” ಎಂದು ಮಾಸ್ತರರ ಊರು, ಅವರ ತಂದೆಯ ಹೆಸರು, ಅವರ ಹೆಸರು, ಮೂರನ್ನೂ ಹೇಳಿದೆ. ವರಾಂಡದಲ್ಲಿ ಹೋಗುತ್ತಿದ್ದ ಮಕ್ಕಳು ನಿಂತು ಕೇಳಿದರು. ಮುದುಕಿಯ ಮುಖ ಅರಳಿತು. “ಹಂಗಾದರ ಖರೇನ ಕರದೀರಿ. ನನ್ನ ಕಿವಿದ ತಪ್ಪು,” ಎಂದು ಕಣ್ಣು ಒರೆಸಿಕೊಂಡು, ಕಮಾನಿನ ಕೆಳಗೆ ಸೆರಗು ಸರಿ ಮಾಡಿಕೊಂಡು ಹೋದರು.

ಆಕೆ ಹೋದ ಮೇಲೆ ಸೀಟಿಯನ್ನು ಕೈಗೆತ್ತಿಕೊಂಡೆ. ಲಾರಿಯ ಹಾರ್ನಿನಲ್ಲಿ ಕೇಳಲಿಲ್ಲ. ಅಪ್ಪ ಆ ಮಾತನ್ನು ತಾನೇ ನನ್ನ ಕೈಗೆ ಕೊಟ್ಟಿದ್ದ. ಹೌದಪ್ಪಾ, ಕರೆದರು, ನಿನಗೆ ಕೇಳಲಿಲ್ಲ ಎಂದು ಒಂದೇ ಮಾತು ಹೇಳಿದ್ದರೆ ಆತ ಹಟ್ಟಿಗೆ ರುಮಾಲು ಸರಿ ಮಾಡಿಕೊಂಡು ಹೋಗುತ್ತಿದ್ದ. ನಾನು ನನ್ನ ಸಿಟ್ಟು ತೀರಿಸಿಕೊಳ್ಳಲು ನಿಜ ಹೇಳಿದೆ. ಆ ಮನುಷ್ಯ ಅಷ್ಟು ಜನರ ಎದುರು ಮುಖಭಂಗವಾಗಿ ಹೋದರೂ, ಮನೆಗೆ ಹೋಗಿ ಅಕ್ಕನಿಗೆ ಸುಳ್ಳು ಹೇಳಿದರು. ಹೆಸರು ಬಿಟ್ಟವರು ಅವರೇ. ಆದರೆ ಅದನ್ನು ಅಪ್ಪನಿಗೆ ಮುಟ್ಟಿಸಿದವಳು ನಾನು. ಇಷ್ಟು ವರ್ಷ ಅದನ್ನೂ ಅವರ ತಲೆಗೇ ಕಟ್ಟಿದ್ದೆ. ಇನ್ನು ಕಟ್ಟಲಾಗುವುದಿಲ್ಲ. ಸತ್ತ ಮೇಲೂ ಅಕ್ಕನನ್ನು ಕಳಿಸಿ ನನ್ನ ಬಾಯಿಂದ ಹೆಸರು ಕರೆಸಿಕೊಂಡರು, ಹೋಗುವಾಗ ಇದನ್ನೂ ನನ್ನ ಎದೆಯ ಮೇಲೆ ಇಟ್ಟು ಹೋದರು.

ಹಾಗೆಂದು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಕ್ಷಮಿಸಿಲ್ಲ. ಅಪ್ಪನೆದುರು ನಾನು ತಪ್ಪಿದೆ ಎಂದ ಮಾತ್ರಕ್ಕೆ ಅವರು ಮಾಡಿದ್ದು ಸರಿಯಾಗುವುದಿಲ್ಲ. ಸಂಚಿಕೆಯ ಹುಡುಗರು ಇದನ್ನು ಓದಿ, “ಬಾಯಾರ, ಇದರಾಗ ಅವರ ಹೆಸರ ಬರಿಯೂದು ಮರತೀರಿ” ಎಂದು ಓಡಿ ಬರುತ್ತಾರೆ, ನನಗೆ ಗೊತ್ತು. ಮರೆತಿಲ್ಲಪ್ಪಾ. ಊರು, ತಂದೆ, ಹೆಸರು, ಮೂರೂ ಬಾಯಿಪಾಠ. ಬಾಯಿಂದ ಆ ಮುದುಕಿಗಾಗಿ ಬಂತು, ಕೈಯಿಂದ ಬರುವುದಿಲ್ಲ. ಕಲ್ಲಿಗೆ ಬೇಕಾದರೆ ನೀವು ಕೆತ್ತಿಸಿಕೊಳ್ಳಿ.

ಆದರೆ ಬರಹದ ಕೆಳಗೆ ಬರೆದವರ ಹೆಸರು ಹಾಕುವಾಗ ‘ಮುಖ್ಯೋಪಾಧ್ಯಾಯಿನಿ’ ಎಂದು ಹಾಕಿ ಮುಗಿಸಬೇಡಿ. ಕಮಾನಿನ ಕೆಳಗೆ ಕರೆಯುವ ಹಾಗೆ ಪೂರ್ತಿ ಹಾಕಿ, ದಪ್ಪ ಅಕ್ಷರದಲ್ಲಿ, ಯಾವ ಹಾರ್ನಿನಲ್ಲೂ ತಪ್ಪಿ ಹೋಗದ ಹಾಗೆ: ಐಹೊಳಿ ಬೀರಪ್ಪನ ಮಗಳು ಮಾಳವ್ವ.